ಕೊಡಚಾದ್ರಿಯ ಬುಡಕ್ಕೆ ಎರಡು ಪಯಣ

ಶಿವಮೊಗ್ಗೆಯಿಂದ ಆಯನೂರು, ರಿಪ್ಪನ್‌ಪೇಟೆ, ಹೊಸನಗರಗಳ ಮೇಲೆ ಹಾಯ್ದು ನಗರಕ್ಕೆ ಹೋಗುವ ದಾರಿಯನ್ನು ನಾನು ಎಷ್ಟು ಸಲ ಕ್ರಮಿಸಿರುವೆನೋ ಲೆಕ್ಕವಿಟ್ಟಿಲ್ಲ. ಆದರೆ ಆ ದಾರಿಯ ಕಿಲೋಮೀಟರುಗಲ್ಲುಗಳನ್ನು ಒಂದೊಂದಾಗಿ ಎಣಿಸಿದ ಪ್ರಸಂಗ ಮಾತ್ರ ೨೦೨೨ನೆಯ ಇಸವಿಯ ಕಾರ್ತಿಕಮಾಸದಲ್ಲಿ ಒದಗಿತು. ಅದಕ್ಕೆ ಕಾರಣವಾದುದು ನನ್ನ ತಮ್ಮನ ಮಗನ ಜೀಪು.

ನನ್ನ ತಾಯಿಯ ತವರು ನಿಟ್ಟೂರಿನಿಂದಾಚೆ, ಕೊಡಚಾದ್ರಿಯ ಬುಡದಲ್ಲಿರುವ ಒಂದು ಅಡಕೆಯ ತೋಟ. ಆಕೆಗೆ ಆಗ ಎಂಬತ್ತೆರಡು ವರ್ಷ. ಅಲ್ಲಿ ಉಳಿದಿರುವವರು ಆಕೆಯ ಅಣ್ಣ ಮತ್ತು ಅವರ ಮಕ್ಕಳು. ಹಳೆಯ ಮನೆಯ ಮಾಡು ಜೀರ್ಣವಾಗಿ, ಇನ್ನೊಂದು ಮಳೆಗಾಲವನ್ನು ತಡೆಯಲಾರದೆಂದು ಮಕ್ಕಳು ಅದನ್ನು ಕೆಡವಿ ಹೊಸದಾಗಿ ಕಟ್ಟಿಸಲು ನಿಶ್ಚಯಿಸಿದ್ದರು. ಮಾರ್ಗಶಿರ ಕಳೆದೊಡನೆ ಕೆಲಸಕ್ಕೆ ಕೈಹಚ್ಚುವುದೆಂದು ಸುದ್ದಿ ಬಂದಿತು. ತಾಯಿಯು ಕೇಳಿ ಸುಮ್ಮನಾದಳು. ಎರಡು ದಿನಗಳ ತರುವಾಯ, ಅನ್ನ ಬಡಿಸುತ್ತಿರುವಾಗ, “ಕೆಡವುವುದಕ್ಕೆ ಮುಂಚೆ ಒಂದು ಸಲ ನೋಡಿ ಬರಬೇಕು” ಎಂದಷ್ಟೇ ಹೇಳಿದಳು. ಆಕೆ ಬಾಯಿಬಿಟ್ಟು ಏನನ್ನಾದರೂ ಬೇಡುವುದು ನಮ್ಮ ಮನೆಯಲ್ಲಿ ಅಪರೂಪ.

ಹೋಗುವುದೇನೋ ಸರಿ, ಆದರೆ ಹೇಗೆ? ಡಾಂಬರು ದಾರಿ ಮುಗಿದ ಮೇಲೆ ತೋಟದ ಮನೆಗೆ ಸುಮಾರು ಮೂರು ಕಿಲೋಮೀಟರು ಕಾಡುದಾರಿ. ನಡುವೆ ಒಂದು ಹಳ್ಳ, ಹಳ್ಳದಾಚೆ ಕಡಿದಾದ ಏರು. ಆ ಹಾದಿಯಲ್ಲಿ ಸಾಮಾನ್ಯ ಕಾರುಗಳು ಹೋಗಲಾರವು. ಮಂಡಿನೋವಿನ ಮುದುಕಿ ನಡೆಯುವ ಮಾತೂ ಇಲ್ಲ. ಆಗ ತಮ್ಮನ ಮಗನು ಎದೆಯುಬ್ಬಿಸಿ ಮುಂದೆ ಬಂದು, “ನನ್ನ ಜೀಪಿರುವಾಗ ಅಜ್ಜಿಗೆ ಚಿಂತೆಯೇಕೆ?” ಎಂದನು.

ಆ ಜೀಪಿನ ವರ್ಣನೆಯನ್ನು ಇಲ್ಲಿ ಮಾಡಲೇಬೇಕು. ಮಹಾಯುದ್ಧಕ್ಕಾಗಿ ೧೯೪೧ರಲ್ಲಿ ಅಮೆರಿಕದ ವಿಲ್ಲೀಸ್ ಕಂಪೆನಿಯವರು ನಿರ್ಮಿಸಿದ ಚಿಕ್ಕ ವಾಹನವೇ ಜೀಪುಗಳ ಮೂಲಪುರುಷ. ೧೯೪೭ರಿಂದ ಮಹೀಂದ್ರ ಕಂಪೆನಿಯವರು ಅದನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿದರು. ಮಲೆನಾಡಿನ ತೋಟಗಳಿಗೆ ಜೀಪು ಬಂದಿತೆಂದರೆ ಎತ್ತಿನ ಗಾಡಿಗೆ ಅರ್ಧ ವಿಶ್ರಾಂತಿ ದೊರಕಿತೆಂದೇ ಅರ್ಥ. ನಮ್ಮ ಹುಡುಗನದು ಆ ವಂಶದಲ್ಲಿಯೇ ಹುಟ್ಟಿದ, ಇಪ್ಪತ್ತೈದು ವರ್ಷದ ಹಳೆಯ ಗಾಡಿ. ಆದರೆ ಅವನು ಅದನ್ನು ಕೊಂಡ ಮೇಲೆ ಇದ್ದಂತೆಯೇ ಇರಗೊಡಲಿಲ್ಲ. ಸ್ಪ್ರಿಂಗುಗಳನ್ನು ಬದಲಾಯಿಸಿ ಮೈಯನ್ನು ಮೂರು ಅಂಗುಲ ಎತ್ತರಿಸಿದನು. ಇಪ್ಪತ್ತೊಂಬತ್ತು ಅಂಗುಲದ ಚಕ್ರಗಳನ್ನು ತೆಗೆಯಿಸಿ, ಮೂವತ್ತಮೂರು ಅಂಗುಲ ಎತ್ತರದ, ಹನ್ನೆರಡೂವರೆ ಅಂಗುಲ ಅಗಲದ ಟಯರುಗಳನ್ನು ಹಾಕಿಸಿದನು. ಅವುಗಳ ಮೈಮೇಲಿನ ಗಡ್ಡೆಗಳನ್ನು ನೋಡಿದರೆ ಮೊಸಳೆಯ ಬೆನ್ನು ನೆನಪಾಗುತ್ತಿತ್ತು. ತನ್ನ ಎರಡು ತಿಂಗಳ ಸಂಬಳ ಅದಕ್ಕೆ ಹೋಯಿತೆಂದು ಅವನೇ ಒಪ್ಪಿಕೊಂಡಿದ್ದಾನೆ. ಬೀದಿಯ ಮಕ್ಕಳು ಆ ಗಾಡಿಯ ಪಕ್ಕದಲ್ಲಿ ನಿಂತು ಚಿತ್ರ ತೆಗೆಯಿಸಿಕೊಳ್ಳುತ್ತಿದ್ದರು. ಆ ಹೊತ್ತಿನಲ್ಲಿ ಅವನು ಬಾಗಿಲಿಗೆ ಬಂದು ನಿಲ್ಲದೆ ಇರುತ್ತಿರಲಿಲ್ಲ.

ಹೊರಡುವ ದಿನ ಮೊದಲ ತೊಡಕು ಮನೆಯಂಗಳದಲ್ಲಿಯೇ ಆಯಿತು. ತಾಯಿಗೆ ಹತ್ತಲು ಆಗಲಿಲ್ಲ. ಸ್ಪ್ರಿಂಗಿನಿಂದ ಮೂರು ಅಂಗುಲ, ಚಕ್ರದಿಂದ ಎರಡು ಅಂಗುಲ, ಒಟ್ಟು ಐದು ಅಂಗುಲ ಮೇಲೇರಿದ ನೆಲೆಗೆ ಮುದುಕಿಯ ಕಾಲು ಹೇಗೆ ಮುಟ್ಟೀತು? ಅಡಿಗೆಮನೆಯ ಮುಕ್ಕಾಲಿಯನ್ನು ತಂದಿಟ್ಟು, ಇಬ್ಬರು ಕೈಹಿಡಿದು, ಒಬ್ಬರು ಹಿಂದಿನಿಂದ ಆತು ಹತ್ತಿಸಿದೆವು. ಮುಕ್ಕಾಲಿಯೂ ನಮ್ಮೊಡನೆ ಪ್ರಯಾಣ ಬೆಳೆಯಿಸಿತು.

ಆಯನೂರು ದಾಟಿದ ಮೇಲೆ ನಾನು ಕಲ್ಲುಗಳನ್ನು ಎಣಿಸತೊಡಗಿದೆನು. ಮುಂದುಗಡೆಯ ದೂರಮಾಪಕವು ಏಳು ಕಿಲೋಮೀಟರು ತೋರಿಸುವಷ್ಟರಲ್ಲಿ ದಾರಿಯ ಪಕ್ಕದಲ್ಲಿ ಎಂಟು ಕಲ್ಲುಗಳು ಹಿಂದೆ ಸರಿದಿದ್ದವು. ಮತ್ತೆ ಏಳಕ್ಕೆ ಮತ್ತೆ ಎಂಟು. ಯಂತ್ರ ಕೆಟ್ಟಿದೆಯೆಂದೆನು. ಹುಡುಗನು ನಕ್ಕು, ಯಂತ್ರದ ತಪ್ಪಲ್ಲವೆಂದನು. ಅದು ಚಕ್ರದ ಸುತ್ತುಗಳನ್ನು ಮಾತ್ರ ಎಣಿಸಬಲ್ಲದು. ಒಂದು ಸುತ್ತಿಗೆ ಎಷ್ಟು ನೆಲ ಹಿಂದೆ ಹೋಯಿತೆಂಬುದು ಅದಕ್ಕೆ ತಿಳಿಯದು. ಇಪ್ಪತ್ತೊಂಬತ್ತು ಅಂಗುಲದ ಚಕ್ರವು ಒಂದು ಸುತ್ತಿಗೆ ಸುಮಾರು ತೊಂಬತ್ತೊಂದು ಅಂಗುಲ ಸಾಗಿದರೆ, ಮೂವತ್ತಮೂರರದು ನೂರನಾಲ್ಕು ಅಂಗುಲದಷ್ಟು ಸಾಗುತ್ತದೆ. ವೇಗದ ಲೆಕ್ಕವೂ ಹಾಗೆಯೇ: ಮುಳ್ಳು ನಾಲ್ವತ್ತು ಎಂದಾಗ ನಾವು ನಾಲ್ವತ್ತೈದನ್ನು ಮೀರಿರುತ್ತೇವೆ. “ಹಾಗಾದರೆ ನಾವು ತಿಳಿದುದಕ್ಕಿಂತ ಬೇಗ ಹೋಗುತ್ತಿದ್ದೇವೆಯೇ?” ಎಂದು ತಾಯಿ ಹಿಂದಿನಿಂದ ಕೇಳಿದಳು. ಹೌದೆಂದೆವು. “ಹಾಗಾದರೆ ನಿಧಾನವಾಗಿ ಹೋಗಪ್ಪಾ” ಎಂದಳು.

ಹೊಸನಗರ ಕಳೆದು ತಿರುವುಗಳು ಹೆಚ್ಚಾದಂತೆ ಗಾಡಿಯ ಓಲಾಟವೂ ಹೆಚ್ಚಿತು. ಎತ್ತರದ ಮೈ ಎಡಕ್ಕೆ ವಾಲಿ, ಮನಸ್ಸಿಲ್ಲದ ಮನಸ್ಸಿನಿಂದ ಬಲಕ್ಕೆ ಬರುತ್ತಿತ್ತು. ಬಿರಿಯ ವಿಷಯ ಇನ್ನೂ ಕಳವಳಕಾರಿ. ಗಾಲಿಯ ಎತ್ತರ ಹೆಚ್ಚಿದಷ್ಟೂ ಬಿರಿಯ ಹಿಡಿತ ನೆಲವನ್ನು ಮುಟ್ಟುವಾಗ ಕ್ಷೀಣಿಸುತ್ತದೆ. ಉದ್ದನೆಯ ಹಿಡಿಯ ತುದಿಯನ್ನು ಹಿಡಿದವನನ್ನು ಬುಡದಲ್ಲಿ ತಡೆಯುವುದು ಕಷ್ಟವಲ್ಲವೇ, ಹಾಗೆ. ಎಂಜಿನಿನ ಎಳೆತವೂ ಅದೇ ಪ್ರಮಾಣದಲ್ಲಿ, ಎಂಟರಲ್ಲಿ ಒಂದು ಪಾಲಿನಷ್ಟು, ಕುಗ್ಗುತ್ತದೆ. ಒಂದು ಇಳಿಜಾರಿನಲ್ಲಿ ದನವೊಂದು ಅಡ್ಡ ಬಂದಾಗ ನಾವು ಅದರ ಕೊಂಬಿನಿಂದ ಒಂದು ಮೊಳದ ಅಂತರದಲ್ಲಿ ನಿಂತೆವು. ದನವು ನಮ್ಮನ್ನು ಸಾವಕಾಶವಾಗಿ ನೋಡಿ ಹೋಯಿತು. ಯಾರೂ ಮಾತನಾಡಲಿಲ್ಲ.

ನಗರದ ಕೋಟೆಯ ಮುಂದೆ ನಿಲ್ಲಿಸಲು ಹೇಳಿದವನು ನಾನೇ; ತಾಯಿಯ ಮುಖ ಬಿಳಿಚಿಕೊಂಡಿತ್ತು. ಇಂದು ಒಂದು ಹಳ್ಳಿಯಷ್ಟಾಗಿರುವ ಈ ನಗರವೇ ಹಿಂದಿನ ಬಿದನೂರು, ಕೆಳದಿಯ ಅರಸರ ಕಡೆಯ ರಾಜಧಾನಿ. ಶಿವಪ್ಪನಾಯಕನ ಕಾಲದಲ್ಲಿ ಇಲ್ಲಿ ವೈಭವವಿತ್ತು. ೧೭೬೩ರಲ್ಲಿ ಹೈದರಾಲಿಯು ಇದನ್ನು ವಶಪಡಿಸಿಕೊಂಡು ತನ್ನ ಹೆಸರನ್ನು ಸೇರಿಸಿ ಹೈದರನಗರವೆಂದು ಕರೆದನು. ಈಗ ಹೈದರನೂ ಹೋಗಿ ಬರಿಯ ನಗರ ಉಳಿದಿದೆ. ಕೋಟೆಯ ಗೋಡೆಯ ಸಂದುಗಳಲ್ಲಿ ಜರಿಗಿಡಗಳು ಬೆಳೆದು, ಮಳೆಗಾಲ ಕಳೆದ ಹೊಸದರಲ್ಲಿ ಕಲ್ಲೆಲ್ಲ ಹಸಿರಾಗಿ ಕಾಣುತ್ತದೆ. ತಾಯಿ ಇಳಿಯಲಿಲ್ಲ. ಇಳಿದರೆ ಮತ್ತೆ ಹತ್ತಬೇಕಲ್ಲ ಎಂದಳು.

ಸಂಪೆಕಟ್ಟೆಯನ್ನು ಕಳೆದು, ನಿಟ್ಟೂರನ್ನು ಹಿಂದಿಕ್ಕಿ, ಡಾಂಬರು ಬಿಟ್ಟು ಕಾಡುದಾರಿ ಹಿಡಿದಾಗ ಮಧ್ಯಾಹ್ನವಾಗಿತ್ತು. ಎದುರಿಗೆ ಕೊಡಚಾದ್ರಿ, ಸಮುದ್ರಮಟ್ಟದಿಂದ ೧,೩೪೩ ಮೀಟರು ಎತ್ತರಕ್ಕೆ ಎದ್ದ ಪರ್ವತ, ಹೆಗಲಿನವರೆಗೆ ಕಾಡನ್ನು ಹೊದ್ದು, ತಲೆಯ ಮೇಲೆ ಬರಿಯ ಹುಲ್ಲನ್ನು ಹೊತ್ತು ನಿಂತಿತ್ತು. ಮೇಲೆ ಮೂಲಮೂಕಾಂಬಿಕೆಯ ಗುಡಿ. ಅದಕ್ಕೂ ಮೇಲೆ ಶಂಕರಾಚಾರ್ಯರ ಹೆಸರಿನ ಸರ್ವಜ್ಞಪೀಠವೆಂಬ ಕಲ್ಲುಮಂಟಪ. ಹುಡುಗಿಯಾಗಿದ್ದಾಗ ತಾನು ಬರಿಗಾಲಿನಲ್ಲಿ ಅಲ್ಲಿಗೆ ಹತ್ತಿದ್ದೆನೆಂದೂ, ಆ ದಿನ ಪಶ್ಚಿಮದಲ್ಲಿ ಸಮುದ್ರ ಬೆಳ್ಳಿಯ ಗೆರೆಯಂತೆ ಕಂಡಿತೆಂದೂ ತಾಯಿ ಹೇಳತೊಡಗಿದಳು. ಹಳ್ಳ ಬಂದುದರಿಂದ ಕಥೆ ಅಲ್ಲಿಗೇ ನಿಂತಿತು.

ಹಳ್ಳವನ್ನು ದಾಟಿದೆವು. ಆಚೆಯ ಏರಿನಲ್ಲಿ ಮೊಳಕಾಲುದ್ದದ ಕೆಸರು. ನಮ್ಮ ಮಹಾಚಕ್ರಗಳು ಕೆಸರಿನ ಮೇಲೆ ಹರಡಿಕೊಂಡು, ಗಡ್ಡೆಗಳ ಸಂದಿನಲ್ಲೆಲ್ಲ ಮಣ್ಣು ಮೆತ್ತಿಕೊಂಡು, ನುಣ್ಣಗಿನ ಗುಂಡುಗಳಂತಾಗಿ ನಿಂತಲ್ಲಿಯೇ ತಿರುಗಿದವು. ಗಾಡಿ ಮುಂದಕ್ಕೆ ಹೋಗುವುದನ್ನು ಬಿಟ್ಟು ಓರೆಯಾಗಿ ಜಾರತೊಡಗಿತು. ಎಡಗಡೆಯ ಗಾಲಿ ಮಳೆನೀರು ಕೊರೆದ ತೋಡಿಗಿಳಿಯಿತು. ಸ್ಪ್ರಿಂಗು ಒತ್ತಿದೊಡನೆ ಟಯರು ಮೇಲಿನ ತಗಡಿಗೆ ಉಜ್ಜಿ, ಕಿವಿ ಬಿರಿಯುವಂತೆ ಕಿರುಚಿತು. ಮೈಯನ್ನು ಎತ್ತರಿಸಿದ್ದು ಚಕ್ರಕ್ಕೆ ಜಾಗ ಮಾಡಿಕೊಡಲೆಂದು. ಆ ಜಾಗವನ್ನೆಲ್ಲ ಚಕ್ರವೇ ನುಂಗಿಬಿಟ್ಟಿದ್ದರೆ ಎತ್ತರಿಸಿ ಬಂದ ಭಾಗ್ಯವೇನು? ಗಾಡಿ ವಾಲಿ ನಿಂತಿತು. ನಾವು ಗಾಬರಿಯಿಂದ ಧುಮುಕಿದೆವು. ತಾಯಿಯನ್ನು ಇಳಿಸುವ ಆತುರದಲ್ಲಿ ಮುಕ್ಕಾಲಿಯ ಒಂದು ಕಾಲು ಕೆಸರಿನಲ್ಲಿ ಹೂತಿತು. ಆಕೆ ಜಾರಿದಳು. ನನ್ನ ಕೈಯಲ್ಲಿ ಆಕೆಯ ಸೆರಗು ಮಾತ್ರ ಉಳಿಯಿತು.

ದೇವರ ದಯೆ, ಮೂಳೆ ಮುರಿಯಲಿಲ್ಲ. ಬಲಗಾಲಿನ ಗಿಣ್ಣು ಉಳುಕಿ ನೋಡುತ್ತಿರುವಂತೆಯೇ ಊದಿಕೊಂಡಿತು. ಆಕೆ ದಾರಿಯ ಪಕ್ಕದ ಕಲ್ಲಿನ ಮೇಲೆ ಕುಳಿತು, ಏರಿನ ತುದಿಯನ್ನೇ ನೋಡುತ್ತಿದ್ದಳು. ತುದಿಯಿಂದಾಚೆ ಒಂದು ಫರ್ಲಾಂಗಿನಲ್ಲಿ ಮನೆ.

ಅಷ್ಟರಲ್ಲಿ ಮೇಲಿನಿಂದ ಬೇರೊಂದು ತೋಟದ ಜೀಪು ಅಡಕೆಯ ಮೂಟೆಗಳನ್ನು ಹೇರಿಕೊಂಡು ಇಳಿದು ಬಂದಿತು. ಬಣ್ಣ ಹೋದ ಗಾಡಿ; ಎತ್ತಿನ ಗಾಡಿಯದರಂತೆ ಸಣ್ಣಗೆ ಕಾಣುವ ಚಕ್ರಗಳು. ಆರು ಅಂಗುಲ ಅಗಲ, ಹದಿನಾರು ಅಂಗುಲದ ಬಳೆ. ಯುದ್ಧಕಾಲದ ವಿಲ್ಲೀಸ್ ಜೀಪಿಗೂ ಅದೇ ಅಳತೆಯ ಟಯರುಗಳೇ ಇದ್ದವು. ಅದು ನಾವು ಸಿಕ್ಕಿಕೊಂಡಿದ್ದ ಕೆಸರನ್ನೇ ಸೀಳಿಕೊಂಡು, ಆತುರವಿಲ್ಲದೆ, ನಮ್ಮ ಪಕ್ಕದಲ್ಲಿ ಬಂದು ನಿಂತಿತು. ಚಾಲಕರು ವೃದ್ಧರು. ಹಗ್ಗ ಕಟ್ಟಿ ನಮ್ಮ ಗಾಡಿಯನ್ನು ಕೆಳಕ್ಕೆ ಎಳೆದುಕೊಟ್ಟ ಮೇಲೆ, ನಮ್ಮ ಟಯರನ್ನು ಬೆರಳಿನಿಂದ ತಟ್ಟಿ, “ಇದು ಮರಳಿನ ಮೇಲೆ ತೇಲುವುದಕ್ಕೆ ಚೆಂದ ಸ್ವಾಮಿ. ಇಲ್ಲಿ ಕೆಸರಿನ ಕೆಳಗೆ ಜಂಬಿಟ್ಟಿಗೆಯಿದೆ, ಚಕ್ರ ಕುಯ್ದುಕೊಂಡು ಹೋಗಿ ಅದನ್ನು ಮುಟ್ಟಬೇಕು” ಎಂದರು. ಹಂಗಿಸಿದ ದನಿಯಲ್ಲ, ಹೊಲದವನು ಬೀಜದ ಮಾತನಾಡುವ ದನಿ. ತಾಯಿಯನ್ನು ಮೂಟೆಗಳ ಮೇಲೆ ಕೂರಿಸಿ ಮನೆಗೆ ಮುಟ್ಟಿಸಿ ಬರುವೆನೆಂದೂ ಅವರು ಹೇಳಿದರು. ಆದರೆ ಊದಿದ ಕಾಲಿಗೆ ವೈದ್ಯರ ಅವಶ್ಯಕತೆಯಿತ್ತು. ನಾವು ಹಿಂದಿರುಗಿದೆವು.

ಹದಿನೈದು ದಿನ ತಾಯಿಯು ಹಾಸಿಗೆ ಬಿಟ್ಟು ಏಳಲಿಲ್ಲ. ಆಕೆ ಯಾರನ್ನೂ ದೂರಲಿಲ್ಲವಾದುದರಿಂದ ಹುಡುಗನ ಸಂಕಟ ಇಮ್ಮಡಿಯಾಯಿತು. ದಿನವೂ ಕಚೇರಿಯಿಂದ ಬಂದವನು ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕಿ, ಮಾತಿಲ್ಲದೆ ಎದ್ದು ಹೋಗುತ್ತಿದ್ದನು. ಒಂದು ಸಂಜೆ ನನ್ನ ಬಳಿಗೆ ಬಂದು, “ದೊಡ್ಡಪ್ಪ, ಟಯರು ಇಳಿಸಿಬಿಡುತ್ತೇನೆ” ಎಂದನು. ಆ ಸ್ವರದಲ್ಲಿ ಒಡವೆ ಅಡವಿಡುವವನ ನೋವಿತ್ತು.

ಇಳಿಸುವುದೂ ಸುಲಭವಲ್ಲವೆಂದು ಕಾರ್ಖಾನೆಗೆ ಹೋದ ಮೇಲೆ ತಿಳಿಯಿತು. ಹುಡುಗನ ಮನಸ್ಸಿನಲ್ಲಿದ್ದುದು ತೋಟದ ಜೀಪಿನ ಆರಂಗುಲದ ಟಯರು. ಮೇಸ್ತ್ರಿ ಒಪ್ಪಲಿಲ್ಲ. ಅದಕ್ಕೆ ಕಿರಿದಾದ ಬೇರೆ ಬಳೆಗಳು ಬೇಕು. ಆಗ ಎರಡು ಪಕ್ಕದ ಚಕ್ರಗಳೂ ಒಳಕ್ಕೆ ಸರಿದು ಗಾಡಿಯ ಹೆಜ್ಜೆ ಕಿರಿದಾಗುತ್ತದೆ. ಸ್ಪ್ರಿಂಗಿನ ಮೂರು ಅಂಗುಲ ಎತ್ತರ ಇದ್ದೇ ಇರುವಾಗ ಹೆಜ್ಜೆಯನ್ನು ಕಿರಿದಾಗಿಸುವುದು, ತಲೆಯ ಮೇಲೆ ಕೊಡ ಹೊತ್ತವನು ಕಾಲು ಜೋಡಿಸಿ ನಿಂತಂತೆ. ಆದುದರಿಂದ ಇದ್ದ ಬಳೆಗಳಿಗೇ ಹೊಂದುವ, ೨೩೫/೭೫ ಆರ್ ೧೫ ಎಂಬ ಗುರುತಿನ ಟಯರುಗಳನ್ನು ಆರಿಸಿದರು: ಒಂಬತ್ತೂಕಾಲು ಅಂಗುಲ ಅಗಲ, ಹೆಚ್ಚುಕಡಿಮೆ ಇಪ್ಪತ್ತೊಂಬತ್ತು ಅಂಗುಲ ಎತ್ತರ. ಮೈಭಾರವೆಲ್ಲ ಎರಡು ಅಂಗುಲ ಕೆಳಗಿಳಿಯಿತು, ಹೆಜ್ಜೆಯ ಅಗಲ ಉಳಿಯಿತು. ಆದರೆ ನಷ್ಟವೂ ಉಂಟು. ಸ್ಪ್ರಿಂಗನ್ನು ಎಷ್ಟು ಎತ್ತರಿಸಿದರೂ ಮೇಲೇಳುವುದು ಮೈ ಮಾತ್ರ. ಎರಡು ಗಾಲಿಗಳ ನಡುವಿನ ಅಚ್ಚು, ಅದರ ಮಧ್ಯೆ ಜೋಲುವ ಡಿಫರೆನ್ಷಿಯಲ್ ಎಂಬ ಗುಂಡು ಪೆಟ್ಟಿಗೆ, ಇವೆರಡನ್ನೂ ನೆಲದಿಂದ ಎತ್ತಿ ಹಿಡಿಯುವುದು ಚಕ್ರವೊಂದೇ. ಚಕ್ರ ನಾಲ್ಕಂಗುಲ ಕುಗ್ಗಿದರೆ ಪೆಟ್ಟಿಗೆ ಎರಡಂಗುಲ ಕಲ್ಲಿಗೆ ಹತ್ತಿರವಾಗುತ್ತದೆ. “ಇನ್ನು ಮೇಲೆ ಕಲ್ಲನ್ನು ನಡುವೆ ಬಿಡಬೇಡಿ, ಚಕ್ರವನ್ನೇ ಅದರ ಮೇಲೆ ಹತ್ತಿಸಿ” ಎಂದು ಮೇಸ್ತ್ರಿ ಎಚ್ಚರಿಕೆಯಿತ್ತನು.

ಈ ಸಂದರ್ಭದಲ್ಲಿ ಕಾಯಿದೆಯ ಮಾತನ್ನೂ ಹೇಳಿಬಿಡುವುದು ಒಳ್ಳೆಯದು. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮು ತಯಾರಕರು ನಮೂದಿಸಿದುದಕ್ಕೆ ಭಿನ್ನವಾಗಿ ವಾಹನವನ್ನು ಬದಲಾಯಿಸುವುದನ್ನು ತಡೆಯುತ್ತದೆ; ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿದಿದೆ. ಟಯರಿನ ವಿಷಯದಲ್ಲಿ ನಮ್ಮ ಹುಡುಗನು ಈಗ ಬಹುಮಟ್ಟಿಗೆ ದಾರಿಗೆ ಬಂದನು. ಸ್ಪ್ರಿಂಗಿನ ವಿಷಯದಲ್ಲಿ ಅವನು ಕಾಯಿದೆಗೆ ಇನ್ನೂ ಉತ್ತರ ಹೇಳಬೇಕಾಗಿದೆ, ಮತ್ತು ಅದನ್ನು ನಾನು ಆಗಾಗ ನೆನಪಿಸುತ್ತಲಿದ್ದೇನೆ.

ಗಾಡಿಯ ಲಕ್ಷಣ ಕೆಟ್ಟುದು ನಿಜ. ದೊಡ್ಡ ಚಕ್ರಕ್ಕೆಂದು ಕತ್ತರಿಸಿ ಅಗಲಿಸಿದ್ದ ತಗಡುಗಳ ಕೆಳಗೆ ಸಣ್ಣ ಚಕ್ರಗಳು, ಅಣ್ಣನ ಅಂಗಿ ತೊಟ್ಟ ತಮ್ಮನ ಕೈಗಳಂತೆ, ಎಲ್ಲಿಯೋ ಕಳೆದುಹೋಗಿದ್ದವು. ಬೀದಿಯ ಮಕ್ಕಳು ಬಂದು ನೋಡಿ, ಏನೂ ಹೇಳದೆ ಹೊರಟುಹೋದರು. ತಾಯಿ ಮಾತ್ರ ಕಿಟಕಿಯಿಂದ ನೋಡಿ, “ಗದ್ದೆಯ ಕೊಕ್ಕರೆಯ ಹಾಗಿದೆ. ಕೊಕ್ಕರೆ ಕೆಸರಿನಲ್ಲಿ ಹೂತದ್ದನ್ನು ನಾನು ನೋಡಿಲ್ಲ” ಎಂದಳು. ಹುಡುಗನು ಮರುದಿನವೇ ಬಾಗಿಲ ಕೆಳಗೆ ಕಾಲಿಡಲು ಒಂದು ಕಬ್ಬಿಣದ ಹಲಗೆಯನ್ನು ಬೆಸೆಸಿದನು.

ಮಾರ್ಗಶಿರದಲ್ಲಿ ಮತ್ತೆ ಹೊರಟೆವು. ಈ ಸಲ ಆಕೆ ಹಲಗೆಯ ಮೇಲೆ ಒಂದು ಕಾಲಿಟ್ಟು, ಮೊಮ್ಮಗನ ಹೆಗಲು ಹಿಡಿದು ತಾನೇ ಹತ್ತಿದಳು. ಗಾಡಿ ಮೂರನೆಯ ಗೇರಿನಲ್ಲಿ ಹತ್ತದಿದ್ದ ಏರುಗಳನ್ನು ಈಗ ಹಾಡುತ್ತ ಹತ್ತಿತು. ಚುಕ್ಕಾಣಿಯನ್ನು ಎರಡು ಬೆರಳಿನಿಂದ ತಿರುಗಿಸಬಹುದೆಂದು ಹುಡುಗನು ತೋರಿಸಹೋಗಿ ನನ್ನಿಂದ ಬೈಸಿಕೊಂಡನು. ನಗರದ ಬಳಿಯ ದೇವಗಂಗೆಯಲ್ಲಿ ಇಳಿದೆವು. ಕೆಳದಿಯರಸರ ಕಾಲದ ಕಲ್ಲಿನ ಕೊಳಗಳು ಅಲ್ಲಿ ಸಾಲಾಗಿವೆ, ಬೇರೆ ಬೇರೆ ಆಕಾರದವು, ಒಂದು ಕಮಲದಂತೆಯೂ ಇದೆ. ಬೆಟ್ಟದ ನೀರು ಒಂದರಿಂದ ಒಂದಕ್ಕೆ ಸದ್ದಿಲ್ಲದೆ ಹರಿಯುತ್ತದೆ. ತಾಯಿ ಮೆಟ್ಟಿಲ ಮೇಲೆ ಕುಳಿತು ಉಳುಕಿದ್ದ ಕಾಲನ್ನು ನೀರಿನಲ್ಲಿ ಇಳಿಬಿಟ್ಟು ಅರ್ಧ ಗಂಟೆ ಏಳಲಿಲ್ಲ. ತನ್ನ ಮದುವೆಯ ದಿಬ್ಬಣ ಇಲ್ಲಿ ತಂಗಿತ್ತೆಂದು ನನಗೆ ಅಂದೇ ತಿಳಿದದ್ದು.

ಹಳ್ಳದಾಚೆಯ ಏರಿನಲ್ಲಿ ಕೆಸರು ತುಸು ಇಳಿದಿದ್ದರೂ ಆರಿರಲಿಲ್ಲ. ಆ ನೆರಳಿನಲ್ಲಿ ಅದು ಎಂದೂ ಪೂರ್ತಿ ಆರದಂತೆ. ಹುಡುಗನು ಇಳಿದು ನಡೆದು ನೋಡಿ ಬಂದು, ನಾಲ್ಕೂ ಚಕ್ರಗಳಿಗೆ ಬಲ ಕೊಟ್ಟು, ಕೆಳಗೇರಿನಲ್ಲಿ ಬಿಟ್ಟನು. ಚಕ್ರಗಳು ಒಂದು ಗೇಣು ಹೂತವು. ನನ್ನ ಉಸಿರು ನಿಂತಿತು. ಆಮೇಲೆ ಕೆಳಗೆ ಏನೋ ಗಟ್ಟಿಯಾದುದು ಸಿಕ್ಕಿದಂತೆ ಗಾಡಿ ಒಮ್ಮೆ ಗುದುಕಿ, ಮೆಲ್ಲಗೆ ಮೇಲಕ್ಕೆ ಸರಿಯಿತು. ತೋಡಿಗಿಳಿದ ಗಾಲಿಯು ತಗಡಿನ ಕೆಳಗಿನ ಖಾಲಿ ಜಾಗದೊಳಕ್ಕೆ ಸದ್ದಿಲ್ಲದೆ ಹೋಗಿ ಹೊರಬಂದಿತು. ತುದಿಯಲ್ಲಿ ಮಾತ್ರ ಕೆಳಗಿನಿಂದ ಠಣ್ಣೆಂದು ಒಂದು ಸದ್ದು ಕೇಳಿಸಿತು.

ಸೋದರಮಾವನವರು ಕೋಲೂರಿಕೊಂಡು ಅಂಗಳಕ್ಕೆ ಬಂದರು. ಎಂಬತ್ತೇಳು ದಾಟಿದ ಕಣ್ಣುಗಳಿಗೆ ಮೊದಲು ಕಂಡುದು ಗಾಡಿ. “ಇದೇನು, ಹೊಟ್ಟೆ ಮೇಲೆ, ಕಾಲು ಕೆಳಗೆ?” ಎಂದರು. ಆಮೇಲೆ ತಂಗಿಯನ್ನು ನೋಡಿದರು. ಇಬ್ಬರೂ ಏನೂ ಆಡಲಿಲ್ಲ. ತಾಯಿ ಹೆಬ್ಬಾಗಿಲ ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದಳು. ನಡುಮನೆ, ಅಡಿಗೆಮನೆ, ಬಾಣಂತಿಯರ ಕತ್ತಲೆಕೋಣೆ, ಒಂದೊಂದರ ಬಾಗಿಲಲ್ಲಿಯೂ ನಿಂತು ನಿಂತು ಮುಂದೆ ಹೋದಳು. ಹಿತ್ತಿಲ ಕಡೆಯ ಒಂದು ಕಂಬದ ಮುಂದೆ ಬಹಳ ಹೊತ್ತು ನಿಂತಿದ್ದಳು. ಅದರಲ್ಲಿ ವಿಶೇಷವೇನೆಂದು ನಾನು ಕೇಳಲಿಲ್ಲ. ಆ ಕಂಬವನ್ನು ಹೊಸ ಮನೆಗೂ ಇಟ್ಟುಕೊಳ್ಳುವುದೆಂದು ಮಾವನ ಮಕ್ಕಳು ತಾವಾಗಿಯೇ ಹೇಳಿದರು.

ಹುಡುಗನು ಆಗ ಗಾಡಿಯ ಕೆಳಗೆ ಮಲಗಿದ್ದನು. ಡಿಫರೆನ್ಷಿಯಲ್ಲಿನ ಹೊಟ್ಟೆಯ ಮೇಲೆ ಹೊಸದಾಗಿ ಹೊಳೆಯುವ ಒಂದು ಗೀರು ಬಿದ್ದಿತ್ತು. ಎಣ್ಣೆ ಸೋರುತ್ತಿರಲಿಲ್ಲ. “ಎರಡಂಗುಲದ ಬೆಲೆ” ಎಂದು ಅವನು ಬೆರಳಾಡಿಸಿದನು. ಅವನ ಪಕ್ಕದಲ್ಲಿ, ಎತ್ತರದ ಮೈಯ ನೆರಳನ್ನು ಕಂಡುಕೊಂಡ ಮಾವನ ಮನೆಯ ಕೋಳಿಯೊಂದು ಮರಿಗಳೊಡನೆ ಬಂದು ನೆಲ ಕೆದರುತ್ತಿತ್ತು.

ಮರುದಿನ ಹಿಂದಿರುಗುವಾಗ ಕಲ್ಲುಗಳನ್ನು ಎಣಿಸಿದವಳು ತಾಯಿಯೇ. ನಾನು ಯಂತ್ರವನ್ನು ನೋಡಿ ಹೇಳುವುದು, ಆಕೆ ಕಲ್ಲನ್ನು ನೋಡಿ ಹೇಳುವುದು. ಏಳಕ್ಕೆ ಏಳು, ಎಂಟಕ್ಕೆ ಎಂಟು, ಸರಿಹೋಗುತ್ತಲೇ ಇತ್ತು. ಹೊಸನಗರ ಕಳೆದ ಮೇಲೆ ನಾನು ಹದಿನೆಂಟು ಎಂದಾಗ ಹಿಂದಿನಿಂದ ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಆಕೆಗೆ ನಿದ್ದೆ ಹತ್ತಿತ್ತು. ಮಡಿಲಿನಲ್ಲಿ ತವರಿನ ಹಿತ್ತಿಲ ನಿಂಬೆಯ ಹಣ್ಣುಗಳಿದ್ದವು.